ಜೀನ್ ತಿದ್ದುವುದು ಆಮೇಲೆ, ಮೊದಲು ಒಂದು ರಕ್ತಪರೀಕ್ಷೆ

ಸಂಪಾದಕರಿಗೆ ನಮಸ್ಕಾರ,

ಜೀನ್ ತಿದ್ದುವ ವಿಷಯ ಈಗ ಎಲ್ಲರ ಬಾಯಲ್ಲೂ ಇದೆ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು ಅಂತ ಗೊತ್ತಿರುವವರು ಲಾಲ್‌ಬಾಗ್‌ನಲ್ಲಿ ವಾಕಿಂಗ್‌ಗೆ ಸಿಕ್ಕಾಗಲೂ ಕೇಳುತ್ತಾರೆ: ‘ಮೇಡಂ, ಇನ್ನು ಮುಂದೆ ಮಗು ಎತ್ತರ ಇರಬೇಕು, ಬುದ್ಧಿ ಜಾಸ್ತಿ ಇರಬೇಕು ಅಂತ ಹೇಳಿ ಮಾಡಿಸ್ಕೋಬಹುದಂತೆ, ಹೌದಾ?’ ಇಲ್ಲ. ಎತ್ತರ ಒಂದಕ್ಕೇ ನಮ್ಮ ಡಿಎನ್‌ಎಯಲ್ಲಿ ಸುಮಾರು 12,000 ಜಾಗಗಳ ಸಂಬಂಧ ಇದೆ ಅಂತ 2022ರಲ್ಲಿ, ಐವತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿ ಮಾಡಿದ ಅಧ್ಯಯನ ತೋರಿಸಿತು. ಒಂದೊಂದರ ಪಾಲು ತೀರಾ ಸಣ್ಣದು. ಅಷ್ಟನ್ನೂ ಯಾರು ತಿದ್ದುತ್ತಾರೆ? ಬುದ್ಧಿಯ ಲೆಕ್ಕ ಇನ್ನೂ ಕಷ್ಟ. 2018ರಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಭ್ರೂಣದ ಜೀನ್ ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟುವಂತೆ ಮಾಡಿದಾಗ ಪ್ರಪಂಚವೆಲ್ಲ ಛೀಮಾರಿ ಹಾಕಿತು, ಅಲ್ಲಿನ ಕೋರ್ಟ್ ಮೂರು ವರ್ಷ ಜೈಲಿಗೆ ಕಳಿಸಿತು. ಸರಿಯಾಗೇ ಆಯಿತು ಅಂತ ನನ್ನ ಅಭಿಪ್ರಾಯ. ಆ ಬದಲಾವಣೆ ಆ ಮಕ್ಕಳ ಮಕ್ಕಳಿಗೂ ಹೋಗಬಹುದು. ನಮ್ಮಲ್ಲೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿ ಇದನ್ನು ಒಪ್ಪುವುದಿಲ್ಲ.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ಅನ್ನುವ ವಿಧಾನದ ಚಿಕಿತ್ಸೆಗೆ ಮೊದಲ ಒಪ್ಪಿಗೆ ಸಿಕ್ಕಿದ್ದು ಥಲಸ್ಸೇಮಿಯಾ ಮತ್ತು ಸಿಕಲ್ ಸೆಲ್ ಅನ್ನುವ, ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆಗಳಿಗೆ. 2023ರ ನವೆಂಬರ್‌ನಲ್ಲಿ, ಬ್ರಿಟನ್ನಿನಲ್ಲಿ. ಕ್ಯಾಸ್ಗೆವಿ ಅಂತ ಹೆಸರು. ರೋಗಿಯ ದೇಹದಿಂದಲೇ ರಕ್ತ ತಯಾರಿಸುವ ಕೋಶಗಳನ್ನು ಹೊರಗೆ ತೆಗೆದು, ಅದರ ಡಿಎನ್‌ಎಯನ್ನು ಒಂದು ಕಡೆ ಕತ್ತರಿಸಿ, ಹುಟ್ಟಿದ ಮೇಲೆ ನಿಂತುಹೋಗುವ ಭ್ರೂಣದ ಹೀಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡಿ ವಾಪಸ್ ಹಾಕುತ್ತಾರೆ. ಬದಲಾಗುವುದು ಆ ರೋಗಿಯ ರಕ್ತ ಮಾತ್ರ, ಅದು ಮಕ್ಕಳಿಗೆ ಹೋಗುವುದಿಲ್ಲ. ಒಳ್ಳೆಯ ವಿಜ್ಞಾನ, ನಿಜವಾಗಲೂ ಸಂತೋಷ ಆಗುತ್ತದೆ. ಆದರೆ ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಜಾಸ್ತಿ. ಇದೇ ಕಾಯಿಲೆ ಮಗುವಿಗೆ ಬರಬಹುದಾ ಅಂತ ಅಪ್ಪ ಅಮ್ಮನಿಗೆ ಮೊದಲೇ ತಿಳಿಸುವ ಪರೀಕ್ಷೆ ಬೆಂಗಳೂರಿನ ಲ್ಯಾಬ್‌ಗಳಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಆಗುತ್ತದೆ. ಅದನ್ನು ಕೇಳುವವರೇ ಇಲ್ಲ.

ಥಲಸ್ಸೇಮಿಯಾ ಮೇಜರ್, ಅಂದರೆ ಈ ಕಾಯಿಲೆಯ ತೀವ್ರ ರೂಪ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು, ಜೀವ ಇರುವಷ್ಟು ದಿನ. ಹಾಕಿದ ರಕ್ತದಿಂದ ಕಬ್ಬಿಣದ ಅಂಶ ಹೃದಯ, ಲಿವರ್‌ನಲ್ಲಿ ಸೇರಿಕೊಳ್ಳುತ್ತದೆ, ಅದನ್ನು ಹೊರಹಾಕಲು ದಿನವೂ ಔಷಧ. ಅಪ್ಪನೋ ಅಮ್ಮನೋ ಕೆಲಸಕ್ಕೆ ರಜೆ ಹಾಕುತ್ತಲೇ ಇರಬೇಕು. ಏಪ್ರಿಲ್, ಮೇನಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳು ಕಡಿಮೆ, ಬ್ಲಡ್ ಬ್ಯಾಂಕ್‌ನಲ್ಲಿ ರಕ್ತ ಇಲ್ಲ ಅಂದಾಗ ಈ ಅಪ್ಪ ಅಮ್ಮಂದಿರು ವಾಟ್ಸ್‌ಆ್ಯಪ್‌ನಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಬೇಡಿಕೊಳ್ಳುತ್ತಾರೆ. ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಹೀಗೆ ಹುಟ್ಟುತ್ತಾರೆ ಅಂತ ಅಂದಾಜು. ಮೂಳೆಮಜ್ಜೆ ಕಸಿ ಮಾಡಿಸಬಹುದು, ಹೊಂದುವ ದಾನಿ ಸಿಗಬೇಕು, ಲಕ್ಷಗಟ್ಟಲೆ ದುಡ್ಡೂ ಬೇಕು.

ಇದು ಬರುವ ದಾರಿ ಬಹಳ ಸರಳ. ನೂರು ಜನರಲ್ಲಿ ಮೂರು ನಾಲ್ಕು ಮಂದಿ ಇದರ ವಾಹಕರು, ಅಂದರೆ ದೋಷದ ಜೀನ್‌ನ ಒಂದು ಪ್ರತಿ ಮಾತ್ರ ಇರುವವರು. ಅವರು ಆರೋಗ್ಯವಾಗೇ ಇರುತ್ತಾರೆ, ಓಡಾಡುತ್ತಾರೆ, ದುಡಿಯುತ್ತಾರೆ. ಸ್ವಲ್ಪ ರಕ್ತ ಕಡಿಮೆ ಇದೆ ಅಂತ ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟಿರಬಹುದು ಅಷ್ಟೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಮಾತ್ರ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು, ಯಾಕಂದರೆ ಓದಿದವರೂ ಇಲ್ಲೇ ಎಡವುತ್ತಾರೆ. ಮೊದಲ ಮಗುವಿಗೆ ಬಂತು, ಇನ್ನು ಮೂರು ಮಕ್ಕಳು ಕ್ಷೇಮ ಅಂತ ಅರ್ಥ ಅಲ್ಲ. ಪ್ರತಿ ಸಲ ಬಸಿರಾದಾಗಲೂ ನಾಲ್ಕರಲ್ಲಿ ಒಂದೇ.

ಇದು ದ್ವಿತೀಯ ಪಿಯುಸಿ ಪಾಠದಲ್ಲೇ ಇದೆ. ಮೆಂಡಲ್‌ನ ಬಟಾಣಿ ಗಿಡ, ಅಪ್ಪ ಅಮ್ಮನ ಜೀನ್ ಮಕ್ಕಳಿಗೆ ಹೇಗೆ ಬರುತ್ತದೆ ಅಂತ ತೋರಿಸುವ ಚೌಕದ ಮನೆಗಳು, ಹಿಮೋಫಿಲಿಯಾ, ಥಲಸ್ಸೇಮಿಯಾ ಎಲ್ಲ. ಮಕ್ಕಳು ಬಾಯಿಪಾಠ ಮಾಡಿ ಬರೆದು ಮಾರ್ಕ್ಸ್ ತಗೊಳ್ಳುತ್ತಾರೆ. ಆ ಚೌಕದಲ್ಲಿ ತಮ್ಮ ಮನೆಯೂ ಇರಬಹುದು ಅಂತ ಅವರಿಗೆ ಹೇಳುವವರು ಯಾರು? ಐದಾರು ವರ್ಷ ಕಳೆದರೆ ಅದೇ ಮಕ್ಕಳ ಮದುವೆ ಮಾತುಕತೆ. ಜಾತಕ ನೋಡುತ್ತೇವೆ, ಗೋತ್ರ ಕೇಳುತ್ತೇವೆ, ಸಂಬಳ, ಸೈಟು, ಮನೆ ಎಲ್ಲ ವಿಚಾರಿಸುತ್ತೇವೆ. ಗೋತ್ರ ಒಂದೇ ಆದರೆ ಬೇಡ ಅನ್ನುವ ಮನೆಗಳಲ್ಲೇ ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುತ್ತಾರೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಕಾಲುಭಾಗ ಜೀನ್‌ಗಳು ಒಂದೇ ಇರುತ್ತವೆ, ಸೋದರತ್ತೆಯ ಮಗನಾದರೆ ಎಂಟನೇ ಒಂದು ಭಾಗ. ಮನೆತನದಲ್ಲಿ ಒಂದು ದೋಷದ ಜೀನ್ ಇದ್ದರೆ ಅದು ಇಬ್ಬರಲ್ಲೂ ಇರುವ ಸಾಧ್ಯತೆ ಅಷ್ಟು ಜಾಸ್ತಿ. ಸೋದರಿಕೆಯ ಮದುವೆಗಳನ್ನು ಬೈಯುವುದು ನನ್ನ ಉದ್ದೇಶ ಅಲ್ಲ, ನಮ್ಮ ಬಂಧುಗಳಲ್ಲೇ ಎಷ್ಟೋ ಇವೆ, ಚೆನ್ನಾಗೇ ಇದ್ದಾರೆ. ಪರೀಕ್ಷೆ ಮಾಡಿಸಿಕೊಳ್ಳಿ ಅನ್ನುವುದಷ್ಟೇ.

ಮಾಡಿಸದೆ ಮಗುವಿಗೆ ಕಾಯಿಲೆ ಬಂದರೆ ಮಾತು ಕೇಳಬೇಕಾದವಳು ಸೊಸೆ. ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ಇದು ಅವರ ಕಡೆಯಿಂದ ಬಂದದ್ದು.’ ಈ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ, ಕೋಪ ಬರುತ್ತದೆ. ಇದು ಎರಡೂ ಕಡೆಯಿಂದ ಬಾರದೆ ಬರುವ ಕಾಯಿಲೆಯೇ ಅಲ್ಲ.

ಸೈಪ್ರಸ್ ಅನ್ನುವ ಪುಟ್ಟ ದ್ವೀಪದಲ್ಲಿ ಏಳು ಜನರಿಗೆ ಒಬ್ಬರು ವಾಹಕರು. ಅಲ್ಲಿ 1970ರ ದಶಕದಲ್ಲೇ ಪರೀಕ್ಷೆ ಶುರುವಾಯಿತು. 1983ರಿಂದ ಚರ್ಚ್ ಕೂಡ, ಮದುವೆಗೆ ಮೊದಲು ಪರೀಕ್ಷೆ ಮಾಡಿಸಿದ ಸರ್ಟಿಫಿಕೇಟ್ ತನ್ನಿ ಅಂದಿತು. ಮದುವೆ ಆಗಬೇಡಿ ಅನ್ನಲಿಲ್ಲ, ತಿಳಿದು ಮಾಡಿಕೊಳ್ಳಿ ಅಂದಿತು. ಕಾಯಿಲೆ ಇರುವ ಮಕ್ಕಳು ಹುಟ್ಟುವುದು ಹೆಚ್ಚುಕಡಿಮೆ ನಿಂತೇಹೋಯಿತು. ಅಷ್ಟು ದೂರ ಯಾಕೆ? ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಸಿಕಲ್ ಸೆಲ್ ನಿರ್ಮೂಲನೆ ಯೋಜನೆ ಶುರುಮಾಡಿತು, ಅದರಲ್ಲಿ ಕರ್ನಾಟಕವೂ ಇದೆ. ಹಾಡಿಗಳಲ್ಲಿ ಆದಿವಾಸಿ ಯುವಕ ಯುವತಿಯರ ರಕ್ತ ಪರೀಕ್ಷಿಸಿ ಕಾರ್ಡ್ ಕೊಡುತ್ತಾರೆ. ಹಾಡಿಯಲ್ಲಿ ಆಗುವ ಕೆಲಸ ರಾಜಾಜಿನಗರದಲ್ಲಿ, ಯಲಹಂಕದಲ್ಲಿ ಯಾಕೆ ಆಗಬಾರದು?

ಆರೋಗ್ಯ ಇಲಾಖೆಯವರಿಗೆ ನನ್ನ ಮನವಿ ಇದು. ತಾಯಿ ಕಾರ್ಡ್ ಮಾಡಿಸುವಾಗ ಎಚ್‌ಐವಿ, ಶುಗರ್, ಬ್ಲಡ್ ಗ್ರೂಪ್ ನೋಡುವಂತೆ ಥಲಸ್ಸೇಮಿಯಾ ಪರೀಕ್ಷೆಯನ್ನೂ ರಾಜ್ಯದ ಎಲ್ಲ ಕಡೆ ಉಚಿತವಾಗಿ, ತಪ್ಪದೆ ಮಾಡಿ. ಬಸಿರಿನ ಮೊದಲ ತಿಂಗಳುಗಳಲ್ಲೇ ಆಗಬೇಕು. ತಾಯಿ ವಾಹಕಳಾದರೆ ಆ ವಾರವೇ ತಂದೆಯ ರಕ್ತ ನೋಡಿ. ಇಬ್ಬರೂ ವಾಹಕರಾದರೆ ಹನ್ನೊಂದು ಹನ್ನೆರಡನೇ ವಾರದ ಹೊತ್ತಿಗೆ ಭ್ರೂಣದ ಪರೀಕ್ಷೆ ಸಾಧ್ಯ. ಲಿಂಗ ಪತ್ತೆ ತಡೆಯುವ 1994ರ ಕಾನೂನೇ ಇಂಥ ರಕ್ತದ ಕಾಯಿಲೆಗಳ ಪರೀಕ್ಷೆಗೆ ಅವಕಾಶ ಕೊಟ್ಟಿದೆ. ಮುಂದೇನು ಅನ್ನುವುದು ಆ ದಂಪತಿಯ ತೀರ್ಮಾನ, ಅತ್ತೆ ಮಾವಂದಿರದ್ದೂ ಅಲ್ಲ, ಡಾಕ್ಟರದ್ದೂ ಅಲ್ಲ.

ಪದವಿ ಕಾಲೇಜುಗಳಲ್ಲಿ ರಕ್ತದಾನ ಶಿಬಿರ ಮಾಡುತ್ತಾರಲ್ಲ, ಅದೇ ದಿನ ಬಯಸಿದವರಿಗೆ ಈ ಪರೀಕ್ಷೆಯನ್ನೂ ಮಾಡಬಹುದು. ಹುಡುಗರಿಗೂ ಹುಡುಗಿಯರಿಗೂ. ಫಲಿತಾಂಶ ಅವರ ಕೈಗೆ ಮಾತ್ರ ಹೋಗಬೇಕು, ಕಾಲೇಜಿನ ನೋಟಿಸ್ ಬೋರ್ಡಿಗೂ ಮದುವೆ ಬ್ರೋಕರ್ ಕೈಗೂ ಅಲ್ಲ. ವಾಹಕಳು ಅನ್ನುವ ಒಂದೇ ಕಾರಣಕ್ಕೆ ಹುಡುಗಿಯನ್ನು ಬೇಡ ಅನ್ನುವ ಜನ ಇದ್ದಾರೆ. ಆ ಹೆದರಿಕೆ ಇರುವ ತನಕ ಯಾರೂ ಮುಂದೆ ಬರುವುದಿಲ್ಲ.

ನಿಮ್ಮಲ್ಲೂ ಒಂದು ಕೋರಿಕೆ. ಬೆಂಗಳೂರಿನಲ್ಲಿ ಈ ಪರೀಕ್ಷೆ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ, ಯಾವ ದಿನ, ಎಷ್ಟು ದುಡ್ಡಿಗೆ ಆಗುತ್ತದೆ, ಯಾರು ಆಪ್ತಸಲಹೆ ಕೊಡುತ್ತಾರೆ ಅಂತ ವಿಚಾರಿಸಿ ಒಂದು ಪಟ್ಟಿ ಪ್ರಕಟಿಸಿ. ಮದುವೆ ಸೀಸನ್ ಶುರುವಾಗುವ ಮೊದಲೇ ಬಂದರೆ ಇನ್ನೂ ಒಳ್ಳೆಯದು.

— ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ, ಬಸವನಗುಡಿ, ಬೆಂಗಳೂರು