ಶರಣಪ್ಪ, ಆ ಲಗ್ನ ಮುಂದಕ್ಕೆ ಹಾಕು

(ಹೆಸರು ಬದಲಿಸಿ, ಗೆಳೆಯನ ಒಪ್ಪಿಗೆ ಪಡೆದು ಈ ಪತ್ರ ಇಲ್ಲಿ ಹಾಕುತ್ತಿದ್ದೇನೆ.)

ಪ್ರೀತಿಯ ಶರಣಪ್ಪ,

ಮಗಳ ಲಗ್ನ ಗೊತ್ತಾಯ್ತು ಅಂತ ನಿನ್ನೆ ಫೋನಿನಲ್ಲಿ ಹೇಳಿದೆ. ನಾನು ಹೂಂ ಅಂದು ಸುಮ್ಮನಾದೆ, ಆದರೆ ರಾತ್ರಿ ನಿದ್ದೆ ಬರಲಿಲ್ಲ. ಅವಳು ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದವಳು, ಹದಿನಾರರ ಹುಡುಗಿ. "ಲಗ್ನ ಈಗ, ಕಳಸೂದು ಆಮ್ಯಾಲ" ಅಂದೆಯಲ್ಲ, ಆ ಮಾತನ್ನು ಆರೋಗ್ಯ ಉಪಕೇಂದ್ರದ ಕೆಲಸದಲ್ಲಿ ಎಷ್ಟೋ ಅಪ್ಪಂದಿರ ಬಾಯಲ್ಲಿ ಕೇಳಿದ್ದೇನೆ. ವರ್ಷ ತುಂಬುವುದರೊಳಗೆ ಅದೇ ಹುಡುಗಿ ಬಸುರಿಯಾಗಿ, ತಪಾಸಣೆಯ ತಾಯಿ ಕಾರ್ಡ್ ಹಿಡಿದು ನನ್ನ ಮುಂದೆ ಕೂತಿರುತ್ತಾಳೆ.

ಹೋದ ತಿಂಗಳು ಅಂಗನವಾಡಿಯಲ್ಲಿ ಮಕ್ಕಳ ಎತ್ತರ ಅಳೆಯುತ್ತಿದ್ದೆವು. ಎರಡು ವರ್ಷ ತುಂಬಿದ ಒಂದು ಹೆಣ್ಣುಕೂಸು, 76 ಸೆಂಟಿಮೀಟರ್. ಆ ವಯಸ್ಸಿಗೆ ಸುಮಾರು 86 ಇರಬೇಕು. 79ಕ್ಕಿಂತ ಕೆಳಗಿದ್ದರೆ ಬೆಳವಣಿಗೆ ಕುಂಠಿತ ಅಂತ ಬರೆದುಕೊಳ್ಳುತ್ತೇವೆ. ಅದರ ಅವ್ವನಿಗೆ ಹತ್ತೊಂಬತ್ತು. ಕೂಸನ್ನು ಆಯಾ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು, ತಾನೂ ಆ ಅಳತೆಕೋಲಿಗೆ ಬೆನ್ನು ಹಚ್ಚಿ ನಿಂತಳು. "ನಾ ಇನ್ನೂ ಬೆಳಿತೀನೇನ್ರಿ ಸರ?" ಅಂದಳು. ನನಗೆ ಮಾತೇ ಹೊರಡಲಿಲ್ಲ.

ಹದಿನಾರರಲ್ಲಿ ಮೈ ಇನ್ನೂ ಕಟ್ಟುತ್ತಿರುತ್ತದೆ. ಆಗಲೇ ಬಸುರಿಯಾದರೆ ಒಂದೇ ತಾಟಿನ ರೊಟ್ಟಿಯಲ್ಲಿ ಇಬ್ಬರು ಬೆಳೆಯಬೇಕು. ಕೂಸು ಎರಡೂವರೆ ಕೆಜಿಗಿಂತ ಕಡಿಮೆ ಹುಟ್ಟುವ ಭಯ ಹೆಚ್ಚು. ಬಸಿರಿನಿಂದ ಎರಡು ವರ್ಷದ ತನಕದ ಸಾವಿರ ದಿನದಲ್ಲಿ ಹಿಂದೆ ಬಿದ್ದ ಎತ್ತರವನ್ನು ಆಮೇಲೆ ತುಂಬಿಕೊಡುವುದು ಬಲು ಕಷ್ಟ. ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ, ಮೊಟ್ಟೆ, ಕಬ್ಬಿಣದ ಮಾತ್ರೆ ಎಲ್ಲ ಇದೆ. ಆದರೆ ಹೊಸ ಸೊಸೆ ಮಧ್ಯಾಹ್ನ ಹೊಸ್ತಿಲು ದಾಟಿ ಬರಲು ಅತ್ತೆ ಹೂಂ ಅನ್ನಬೇಕಲ್ಲ. ಬಡತನ, ಕೊಳಕು ನೀರಿನ ಪಾಲೂ ಇದೆ, ಒಪ್ಪುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿರಲಿಲ್ಲ.

ಕಾನೂನಿನ ಮಾತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ಮಾಡಿಕೊಂಡ ತಿದ್ದುಪಡಿಯ ಪ್ರಕಾರ ಇಂಥ ಲಗ್ನ ಮೊದಲಿನಿಂದಲೇ ಅಸಿಂಧು. ಮಾಡಿಸಿದವರಿಗೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅವಳ ಜೊತೆ ಸಂಸಾರ ಮಾಡಿದರೆ ತಾಳಿ ಕಟ್ಟಿದವನ ಮೇಲೂ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ, ಬರುತ್ತದೆ; ಹೆಂಡತಿ ಹದಿನೆಂಟರೊಳಗಿನವಳಾದರೆ ಗಂಡನಿಗೆ ಅತ್ಯಾಚಾರದ ಕಾನೂನಿನಲ್ಲಿದ್ದ ವಿನಾಯಿತಿಯನ್ನು 2017ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ. ಹದಿನೆಂಟು ತುಂಬದ ಬಸುರಿ ಬಂದರೆ ನಾನು ಪೊಲೀಸರಿಗೆ ತಿಳಿಸಲೇಬೇಕು. ಇದಕ್ಕೇ ಹೆದರಿ ಎಷ್ಟೋ ಮನೆಯವರು ಹುಡುಗಿಯನ್ನು ತಪಾಸಣೆಗೇ ಕರೆತರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಆರೈಕೆ ಬೇಕಾದವಳೇ ಮನೆಯೊಳಗೆ ಅಡಗಿ ಉಳಿಯುತ್ತಾಳೆ. ನಿನ್ನ ಮಗಳು ಹಾಗೆ ಉಳಿಯುವುದನ್ನು ನಾನು ನೋಡಲಾರೆ.

ಗುಳೆ ಹೋದಾಗ ಅವಳನ್ನು ಯಾರ ಕೈಯಲ್ಲಿ ಬಿಡಲಿ ಅಂತ ಕೇಳಿದೆ. ಅದು ಸುಳ್ಳು ಚಿಂತೆಯಲ್ಲ. ತಾಲ್ಲೂಕಿನಲ್ಲಿ ಪಿಯು ಹುಡುಗಿಯರ ಹಾಸ್ಟೆಲ್ ಇದೆ, ವಾರ್ಡನ್ ಜೊತೆ ಮಾತಾಡಿದ್ದೇನೆ. ನಾನಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವ ಹೊತ್ತು ತರಬೇಡ. ತಂದರೆ ಮಾಡುತ್ತೇನೆ, ಮುಚ್ಚಿಡುವುದಿಲ್ಲ.

ಭಾನುವಾರ ಬೆಳಗ್ಗೆ ಬರುತ್ತೇನೆ. ಅವಳ ಮಾರ್ಕ್ಸ್ ಕಾರ್ಡ್, ಜಾತಿ-ಆದಾಯ ಪ್ರಮಾಣಪತ್ರ ತೆಗೆದಿಡು.

ನಿನ್ನ ಗೆಳೆಯ