ಈ ಹೊರೆಯೂ ಮೇಷ್ಟ್ರ ತಲೆಗೇ?

ಮಾನ್ಯರೇ,

ಮಕ್ಕಳ ಸಾಮಾಜಿಕ, ಭಾವನಾತ್ಮಕ ಬೆಳವಣಿಗೆಗೂ ಶಾಲೆಯಲ್ಲಿ ಜಾಗ ಇರಬೇಕು ಎಂಬ ಮಾತು ಈಗ ಹೆಚ್ಚಾಗಿ ಕೇಳಿಬರುತ್ತಿದೆ. ಇರಲೇಬೇಕು. ಆ ಕೆಲಸ ಯಾರು ಮಾಡಬೇಕು ಎಂಬುದರಲ್ಲಷ್ಟೇ ನನ್ನ ತಕರಾರು.

2011ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೆಂದೇ ಶಾಲೆಗಳಲ್ಲಿ ನಡೆಸಿದ 213 ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ್ದರು. ಸುಮಾರು 2.70 ಲಕ್ಷ ಮಕ್ಕಳು. ನಡವಳಿಕೆಯ ಜೊತೆಗೆ ಓದಿನಲ್ಲೂ 11 ಪರ್ಸೆಂಟೈಲ್‌ನಷ್ಟು, ಅಂದರೆ ನೂರು ಮಕ್ಕಳ ಸಾಲಿನ ನಡುವೆ ಇದ್ದ ಮಗು 11 ಸ್ಥಾನ ಮೇಲೇರಿದಷ್ಟು, ಸುಧಾರಣೆ ಕಂಡಿತ್ತು. ತರಗತಿಯ ಶಿಕ್ಷಕರೇ ನಡೆಸಿದಾಗಲೂ ಫಲ ಸಿಕ್ಕಿತ್ತು.

ಆದರೆ ನಮ್ಮ ಸರ್ಕಾರಿ ಶಾಲೆಗಳಿಗೆ ಅಮೆರಿಕಕ್ಕಿಂತ ಬಿಹಾರದ ನಳಂದ ಜಿಲ್ಲೆ ಹತ್ತಿರ. ಅಲ್ಲಿನ 75 ಪ್ರೌಢಶಾಲೆಗಳಲ್ಲಿ ನಡೆದ ಇಂಥದೇ ‘ಸೆಹರ್’ ಎಂಬ ಪ್ರಯೋಗದ ಫಲಿತಾಂಶ 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆಲವು ಶಾಲೆಗಳಲ್ಲಿ ಶಿಕ್ಷಕರಿಗೇ ಕೆಲಸ ವಹಿಸಿದರು. ಕೆಲವು ಕಡೆ ಇದಕ್ಕೆಂದೇ ತರಬೇತಿ ಕೊಟ್ಟು ಒಬ್ಬರನ್ನು ಇಟ್ಟರು. ಅವರೇನೂ ಮನಃಶಾಸ್ತ್ರದ ಪಂಡಿತರಲ್ಲ. ಗೋಡೆಪತ್ರಿಕೆ, ಮಕ್ಕಳು ಅಹವಾಲು ಬರೆದು ಹಾಕುವ ಪೆಟ್ಟಿಗೆ, ಬೇಕಾದವರ ಜೊತೆ ಕೂತು ಮಾತು: ಕೆಲಸ ಎರಡೂ ಕಡೆ ಒಂದೇ. ಬೇರೆ ವ್ಯಕ್ತಿ ಇದ್ದ ಶಾಲೆಗಳಲ್ಲಿ ಮಕ್ಕಳು ಪರಸ್ಪರ ಪೀಡಿಸುವುದು, ಖಿನ್ನತೆಯ ಲಕ್ಷಣ ಎರಡೂ ತಗ್ಗಿದವು. ಶಿಕ್ಷಕರಿಗೆ ವಹಿಸಿದ ಕಡೆ ಏನೂ ಬದಲಾಗಲಿಲ್ಲ.

ನನಗಿದು ಆಶ್ಚರ್ಯ ತರಲಿಲ್ಲ. ನನ್ನ ತರಗತಿಯಲ್ಲಿ ಕಟ್ಟಡ ಕೆಲಸಕ್ಕೆ ರಾಯಚೂರು ಕಡೆಯಿಂದ ಬಂದವರ ಹುಡುಗನೊಬ್ಬ ಇದ್ದ. ಸೋಮವಾರ ಬಂತೆಂದರೆ ಯಾರಿಗಾದರೂ ಹೊಡೆದಿರುತ್ತಿದ್ದ. ಭಾನುವಾರ ಅಪ್ಪನಿಗೆ ಬಟವಾಡೆ, ರಾತ್ರಿ ಮನೆಯಲ್ಲಿ ರಂಪ ಎಂದು ನನಗೆ ತಿಳಿಯುವಷ್ಟರಲ್ಲಿ ಅರ್ಧ ವರ್ಷ ಕಳೆದಿತ್ತು. ಅಷ್ಟು ದಿನ ನಾನು ಬಿಸಿಯೂಟದ ಲೆಕ್ಕ ಬರೆಯುತ್ತಿದ್ದೆ! ನಮ್ಮಲ್ಲೂ ಒಂದು ದೂರು ಪೆಟ್ಟಿಗೆ ಇತ್ತೆನ್ನಿ. ಬೀಗದ ಕೈ ಯಾರ ಹತ್ತಿರ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. 2025ರ ದಸರಾ ರಜೆಯಲ್ಲಿ ಸಮೀಕ್ಷೆಗೆಂದು ಮನೆಮನೆ ಸುತ್ತಿದವರೂ ಶಿಕ್ಷಕರೇ.

ಹೀಗಿರುವಾಗ ಇನ್ನೊಂದು ಸುತ್ತೋಲೆ, ಎರಡು ದಿನದ ತರಬೇತಿ, ಫೋಟೊ ಸಮೇತ ವರದಿ ಕಳಿಸಿ ಎನ್ನುವುದು ಬೇಡ. ಸಮಾಜಕಾರ್ಯ ಓದಿ ಕೆಲಸ ಹುಡುಕುತ್ತಿರುವ ಯುವಕ, ಯುವತಿಯರು ಬೆಂಗಳೂರಿನಲ್ಲೇ ಇದ್ದಾರೆ. ಮಕ್ಕಳ ಜೀವನ ಕೌಶಲದ ಬಗ್ಗೆ ಕೆಲಸ ಮಾಡಿರುವ ನಿಮ್ಹಾನ್ಸ್ ಕೂಡ ಇಲ್ಲೇ ಇದೆ. ಮೊದಲಿಗೆ ನಗರದ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗಾದರೂ ಇದೊಂದೇ ಕೆಲಸಕ್ಕೆ ತಲಾ ಒಬ್ಬರನ್ನು ಶಿಕ್ಷಣ ಇಲಾಖೆ ನೇಮಿಸಲಿ. ಅವರನ್ನೂ ಚುನಾವಣಾ ಪಟ್ಟಿ ತಿದ್ದಲು ಕಳಿಸದಿರಲಿ.

– ನಿವೃತ್ತ ಶಿಕ್ಷಕಿ, ಶ್ರೀನಗರ, ಬೆಂಗಳೂರು