ಆ ‘ಇಬ್ಬನಿ’ಯ ವಿಷಯ

ಮಾರಾಯ,

ಇಬ್ಬನಿ ಹೊದ್ದ ಆ ಜಿಗಿಯುವ ಜೇಡದ ಚಿತ್ರ ಹೇಗೆ ತೆಗೆದೆನೆಂದು ಫೋನಿನಲ್ಲಿ ಕೇಳಿದ್ದರೆ ಗುಟ್ಟಾಗಿ ಹೇಳುತ್ತಿದ್ದೆ. ನೀನು ಎಲ್ಲರೆದುರು ಕೇಳಿದೆ, ಎಲ್ಲರೆದುರೇ ಉತ್ತರ ತಗೋ.

ಜಿಗಿಯುವ ಜೇಡದ ಕಣ್ಣು ಚೂಪಾಗಿ ಬರಲು ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ನಿನ್ನ 100 ಎಂಎಂ ಮ್ಯಾಕ್ರೋ ಲೆನ್ಸೇ ಸಾಕು. ಲೆನ್ಸಿನ ಕಿಂಡಿ ಎಫ್ 11, ಶಟರ್ 1/200 ಸೆಕೆಂಡ್, ಐಎಸ್‌ಒ 200, ಬೆಳಕೆಲ್ಲ ಫ್ಲ್ಯಾಶಿನದು. ಫೋಕಸ್ ರಿಂಗ್ ತಿರುಗಿಸುತ್ತಾ ಕೂರಬೇಡ. ಅದನ್ನು ಒಂದು ಕಡೆ ನಿಲ್ಲಿಸಿ, ಮೊಣಕೈ ಊರಿ, ನೀನೇ ಕೂದಲೆಳೆಯಷ್ಟು ಹಿಂದೆ ಮುಂದೆ ವಾಲು. ಅಷ್ಟು ಹತ್ತಿರದಲ್ಲಿ ಫೋಕಸ್ಸಿಗೆ ಸಿಗುವುದು ಒಂದೆರಡು ಮಿಲಿಮೀಟರ್. ಹಾಗಂತ ಕಿಂಡಿಯನ್ನು ಇನ್ನೂ ಕಿರಿದು ಮಾಡಿ ಎಫ್ 22ಕ್ಕೆ ಹೋದರೆ ಇಡೀ ಚಿತ್ರವೇ ಮಂಕು. ಫ್ಲ್ಯಾಶಿಗೆ ಎರಡು ಪದರ ಬಟರ್ ಪೇಪರ್ ಕಟ್ಟಿ ಆದಷ್ಟು ಹತ್ತಿರ ತಾ; ಇಲ್ಲದಿದ್ದರೆ ಕಣ್ಣೊಳಗೆ ಟಾರ್ಚಿನ ಚುಕ್ಕಿ ಕೂರುತ್ತದೆ.

ಎದುರಿನ ಎರಡು ದೊಡ್ಡ ಕಣ್ಣು ಕಡುಕಪ್ಪಾದಾಗ ಒತ್ತು. ಅದರ ಕಣ್ಣಿನ ಹೊರಮಸೂರ ಅಲ್ಲಾಡುವುದಿಲ್ಲ, ಒಳಗಿನ ಅಕ್ಷಿಪಟಲದ ಕೊಳವೆ ಅತ್ತಿತ್ತ ತಿರುಗುತ್ತದೆ. ಬೇರೆಲ್ಲೋ ನೋಡುವಾಗ ಕಣ್ಣು ಕಂದು. ಕಪ್ಪಾಯಿತೆಂದರೆ ನಿನ್ನನ್ನೇ ನೋಡುತ್ತಿದೆ.

ಮೊದಲು ಬಸಳೆ ಚಪ್ಪರದ ಸಹಿ ಜೇಡದಲ್ಲಿ ಕೈ ಪಳಗಿಸು. ಬಲೆಯ ನಡುವೆ ತಲೆ ಕೆಳಗಾಗಿ, ಕಾಲುಗಳನ್ನು ಜೋಡಿ ಜೋಡಿಯಾಗಿ ಗುಣಾಕಾರದ ಗುರುತಿನ ಹಾಗೆ ಚಾಚಿ, ಗಂಟೆಗಟ್ಟಲೆ ಕೂತಿರುತ್ತದೆ. ಉಸಿರು ತಾಗಿದರೆ ಮಾತ್ರ ಇಡೀ ಬಲೆಯನ್ನೇ ಜೋಲಿಯಂತೆ ಅಲ್ಲಾಡಿಸುತ್ತದೆ.

ಇನ್ನು, ನೀವೆಲ್ಲ ಹೊಗಳಿದ ಆ ಚಿತ್ರ. ಅದರಲ್ಲಿರುವುದು ಗೋಡೆ ಮೇಲಿನ ಜಿಗಿಯುವ ಜೇಡ, ಪ್ಲೆಕ್ಸಿಪಸ್ ಪೇಕುಲ್ಲಿ ಎಂಬ ಜಾತಿಯದು, ಒಂದು ಸೆಂಟಿಮೀಟರ್ ಇದ್ದೀತು. ಅದರ ರೋಮದ ಮೇಲಿರುವುದು ಇಬ್ಬನಿಯಲ್ಲ. ಡಬ್ಬಿಯೊಳಗೆ, ಮೊಸರಿನ ಪಾತ್ರೆಯ ಪಕ್ಕ, ಹತ್ತು ನಿಮಿಷ ಫ್ರಿಜ್ಜಿನಲ್ಲಿತ್ತು. ತಣ್ಣಗಾದ ಜೇಡವನ್ನು ಈ ಸೆಕೆಗೆ ತಂದರೆ ಪುನರ್ಪುಳಿ ಶರಬತ್ತಿನ ಲೋಟದ ಹಾಗೆ ಮೈಯೆಲ್ಲ ಬೆವರುತ್ತದೆ. ಕಾಲು ನೋಡು, ಎಂಟೂ ಮೈಗೆ ಮಡಚಿಕೊಂಡಿವೆ. ಎಚ್ಚರವಿದ್ದರೆ ಹೀಗೆ ಕೂರುವುದೇ ಇಲ್ಲ. ಕ್ಯಾಮೆರಾ ಸರಿದತ್ತ ತಿರುಗುತ್ತದೆ, ಇಲ್ಲವೇ ಲೆನ್ಸಿನ ಮೇಲೇ ಹಾರುತ್ತದೆ.

ಇಷ್ಟೇ ಹೇಳಿ ಮುಗಿಸಬೇಕೆಂದಿದ್ದೆ. ಆದರೆ ‘ಎಷ್ಟು ಹೊತ್ತು ಕಾದಿರಿ’ ಎಂದು ಕೇಳಿದವರಿಗೆ ‘ಎರಡು ಗಂಟೆ’ ಎಂದು ಬರೆದವನೂ ನಾನೇ. ಕಾದದ್ದು ಜೇಡ. ನಾನು ದೋಸೆ ತಿನ್ನುತ್ತಿದ್ದೆ. ನಿನ್ನೆ ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಕಣ್ಣು ಎರಡೂ ಕಡುಕಪ್ಪು.

ಇರಲಿ. ಡಬ್ಬಿ ಯಾವುದೆಂದು ಮನೆಯಲ್ಲಿ ಇನ್ನೂ ಗೊತ್ತಾಗಿಲ್ಲ, ನೀನೂ ಬಾಯಿ ಬಿಡಬೇಡ. ಬರುವಾಗ ಬಟರ್ ಪೇಪರ್ ತಾ.

ನಿನ್ನ,
‘ಎರಡು ಗಂಟೆ’